ಸರ್ವರ್‌ನ ಕಡತವ್ಯವಸ್ಥೆಯಲ್ಲಿ ಜರ್ನಲ್ ದೋಷಗಳು: ನಿದಾನ ಮತ್ತು ಪರಿಹಾರಕ್ರಮ

‘ಕಡತ’ ಎಂಬ ಶಬ್ದ ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೇಖನಸಾಮಗ್ರಿಗೆ ಆ ಹೆಸರು. ವರ್ತಕರ ಲೆಕ್ಕಪತ್ರಗಳೂ ಮಠಗಳ ದಾಖಲೆಗಳೂ ಅದರ ಮೇಲೆ ಬರೆಯಲ್ಪಟ್ಟಿವೆ. ಇಂದು ಅದೇ ಶಬ್ದ ಗಣಕಯಂತ್ರದ ‘ಫೈಲ್’ ಎಂಬುದಕ್ಕೆ ಪರ್ಯಾಯವಾಗಿ ರೂಢಿಗೆ ಬಂದಿದೆ. ಓಲೆಗರಿಗಳ ಛಾಯಾಪ್ರತಿಗಳು, ಸೂಚೀಪಟ್ಟಿಗಳು, ಪಾಠಾಂತರಗಳ ಸಂಗ್ರಹಗಳು ಈಗ ಸರ್ವರ್ ಎಂಬ ಯಂತ್ರದ ತಟ್ಟೆಗಳಲ್ಲಿ ಕಡತಗಳಾಗಿಯೇ ನೆಲೆಸಿವೆ. ಗೆದ್ದಲು, ತೇವ, ಬೆಂಕಿಗಳಿಂದ ಗ್ರಂಥವನ್ನು ಕಾಯುವ ವಿಧಾನಗಳು ಭಂಡಾರಗಳಲ್ಲಿ ತಲೆಮಾರುಗಳಿಂದ ತಿಳಿದಿರುವಂತಹವು. ಈ ಹೊಸ ಭಂಡಾರಕ್ಕೆ ಬರುವ ವಿಪತ್ತುಗಳ ಸ್ವರೂಪವಾದರೋ ಬೇರೆ. ಅವುಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ, ಮತ್ತು ಅವಸರದ ಚಿಕಿತ್ಸೆಯಿಂದ ಉಲ್ಬಣಿಸುವ ಒಂದು ವಿಪತ್ತು ಜರ್ನಲ್ ದೋಷ. ಲಿನಕ್ಸ್ ಸರ್ವರ್‌ಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಇಎಕ್ಸ್‌ಟಿ-೪ ಎಂಬ ಕಡತವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಈ ದೋಷದ ಲಕ್ಷಣ, ಕಾರಣ, ಪರಿಹಾರಗಳನ್ನು ಇಲ್ಲಿ ನಿರೂಪಿಸಲಾಗಿದೆ.

೧. ಜರ್ನಲ್‌ನ ಸ್ವರೂಪ

ತಟ್ಟೆಯ ಮೇಲೆ ಒಂದು ಕಡತವನ್ನು ಇಡುವುದು ಒಂದೇ ಕ್ರಿಯೆಯಂತೆ ಕಂಡರೂ ವಸ್ತುತಃ ಅದು ಹಲವು ಕ್ರಿಯೆಗಳ ಸಮೂಹ. ಕಡತದ ವಿವರಗಳನ್ನು ಹೇಳುವ ‘ಐನೋಡ್’ ಎಂಬ ನಮೂದನ್ನು ಬರೆಯಬೇಕು. ಖಾಲಿಯಿರುವ ಜಾಗವನ್ನು ಗುರುತಿಸಿ ಅದು ಬಳಕೆಯಾಯಿತೆಂದು ನಕ್ಷೆಯಲ್ಲಿ ಕಾಣಿಸಬೇಕು. ಕೋಶದ ಪಟ್ಟಿಯಲ್ಲಿ ಹೆಸರನ್ನು ಸೇರಿಸಬೇಕು. ಕಡತದ ಒಡಲನ್ನೂ ಬರೆಯಬೇಕು. ಈ ಬರೆಹಗಳ ನಡುವೆ ವಿದ್ಯುತ್ತು ನಿಂತುಹೋದರೆ ಕೆಲವು ಆಗಿ ಕೆಲವು ಆಗದೆ ಉಳಿಯುತ್ತವೆ. ಸೂಚಿಯಲ್ಲಿ ಹೆಸರಿದ್ದು ಕಪಾಟಿನಲ್ಲಿ ಕಟ್ಟಿಲ್ಲದಿರುವುದು, ಕಟ್ಟಿದ್ದು ಸೂಚಿಯಲ್ಲಿ ಹೆಸರಿಲ್ಲದಿರುವುದು, ಒಂದೇ ಸ್ಥಾನಸಂಖ್ಯೆ ಎರಡು ಕಟ್ಟುಗಳಿಗೆ ಬಿದ್ದಿರುವುದು ಮುಂತಾದ ಭಂಡಾರದ ಅವ್ಯವಸ್ಥೆಗಳಿಗೆಲ್ಲ ಇಲ್ಲಿಯೂ ಪ್ರತಿರೂಪಗಳಿವೆ.

೧೯೯೩ರಲ್ಲಿ ಬಳಕೆಗೆ ಬಂದ ಇಎಕ್ಸ್‌ಟಿ-೨ ವ್ಯವಸ್ಥೆಯಲ್ಲಿ ಇಂತಹ ಅವ್ಯವಸ್ಥೆಯನ್ನು ಸರಿಪಡಿಸಲು ಇಡೀ ತಟ್ಟೆಯನ್ನು ಆದ್ಯಂತವಾಗಿ ಪರೀಕ್ಷಿಸದೆ ಗತ್ಯಂತರವಿರಲಿಲ್ಲ. ತಟ್ಟೆಗಳು ದೊಡ್ಡವಾದಂತೆ ಈ ಪರೀಕ್ಷೆಗೆ ಗಂಟೆಗಟ್ಟಲೆ ಕಾಲ ಹಿಡಿಯತೊಡಗಿತು. ಇದರ ನಿವಾರಣೆಗಾಗಿ ಸ್ಟೀಫನ್ ಟ್ವೀಡಿ ಎಂಬ ತಂತ್ರಜ್ಞರು ೧೯೯೮ರಲ್ಲಿ ಇಎಕ್ಸ್‌ಟಿ-೨ಕ್ಕೆ ಜರ್ನಲನ್ನು ಜೋಡಿಸುವ ಯೋಜನೆಯನ್ನು ಮಂಡಿಸಿದರು. ಅದು ಇಎಕ್ಸ್‌ಟಿ-೩ ಎಂಬ ಹೆಸರಿನಿಂದ ೨೦೦೧ರ ನವೆಂಬರಿನಲ್ಲಿ ಲಿನಕ್ಸ್‌ನ ಮುಖ್ಯ ಕರ್ನೆಲಿಗೆ ಸೇರಿತು. ಅದರ ಉತ್ತರಾಧಿಕಾರಿಯಾದ ಇಎಕ್ಸ್‌ಟಿ-೪, ೨೦೦೮ರ ಡಿಸೆಂಬರಿನಲ್ಲಿ ೨.೬.೨೮ನೆಯ ಕರ್ನೆಲಿನಲ್ಲಿ ಸ್ಥಿರರೂಪವನ್ನು ಪಡೆಯಿತು. ಇಎಕ್ಸ್‌ಟಿ-೩ರ ಪ್ರತ್ಯೇಕ ಚಾಲಕವನ್ನು ೨೦೧೫ರಲ್ಲಿ ಕರ್ನೆಲಿನಿಂದ ತೆಗೆದುಹಾಕಲಾಗಿದ್ದು, ಹಳೆಯ ಇಎಕ್ಸ್‌ಟಿ-೩ ತಟ್ಟೆಗಳನ್ನೂ ಈಗ ಇಎಕ್ಸ್‌ಟಿ-೪ರ ಚಾಲಕವೇ ನಿರ್ವಹಿಸುತ್ತದೆ.

ಜರ್ನಲ್‌ನ ತತ್ತ್ವ ವರ್ತಕರ ಲೆಕ್ಕಪದ್ಧತಿಯನ್ನು ಬಲ್ಲವರಿಗೆ ಸುಲಭವಾಗಿ ಗ್ರಾಹ್ಯವಾಗುತ್ತದೆ. ವ್ಯವಹಾರ ನಡೆದಾಗ ಅದನ್ನು ಮೊದಲು ದಿನವಹಿಯಲ್ಲಿ ಬರೆದು, ಅನಂತರ ಖಾತೆವಹಿಗೆ ಏರಿಸುವುದು ಪದ್ಧತಿ. ಏರಿಸುವ ನಡುವೆ ಕೆಲಸ ನಿಂತುಹೋದರೂ ದಿನವಹಿಯನ್ನು ನೋಡಿ ಉಳಿದುದನ್ನು ಪೂರೈಸಬಹುದು. ಕಡತವ್ಯವಸ್ಥೆಯೂ ಹಾಗೆಯೇ ತಾನು ಮಾಡಲಿರುವ ಬದಲಾವಣೆಗಳನ್ನು ಮೊದಲು ಜರ್ನಲ್ ಎಂಬ ಮೀಸಲು ಪ್ರದೇಶದಲ್ಲಿ ಕ್ರಮವಾಗಿ ಬರೆದು, ಆಮೇಲೆ ಅವುಗಳ ನಿಜಸ್ಥಾನಗಳಿಗೆ ಏರಿಸುತ್ತದೆ. ಪರಸ್ಪರ ಸಂಬಂಧವಿರುವ ಬದಲಾವಣೆಗಳ ಒಂದು ಗುಂಪಿಗೆ ವ್ಯವಹಾರ ಅಥವಾ ‘ಟ್ರಾನ್ಸಾಕ್ಷನ್’ ಎಂದು ಹೆಸರು. ಗುಂಪಿನ ಆರಂಭದಲ್ಲಿ ಯಾವ ಖಂಡ ಎಲ್ಲಿಗೆ ಸೇರತಕ್ಕದ್ದು ಎಂಬ ವಿವರಣಖಂಡವೂ, ಅದರ ಹಿಂದೆ ಬದಲಾದ ಖಂಡಗಳೂ, ಕೊನೆಯಲ್ಲಿ ‘ಕಮಿಟ್’ ಎಂಬ ಸಮಾಪ್ತಿಖಂಡವೂ ಇರುತ್ತವೆ. ಸಾಮಾನ್ಯವಾಗಿ ಐದು ಸೆಕೆಂಡುಗಳಿಗೊಮ್ಮೆ ಹೀಗೆ ಒಂದು ವ್ಯವಹಾರ ಮುಗಿಯುತ್ತದೆ.

ಯಂತ್ರ ಅಕಸ್ಮಾತ್ತಾಗಿ ನಿಂತು ಪುನಃ ಚಾಲೂ ಆದಾಗ ವ್ಯವಸ್ಥೆಯು ಜರ್ನಲನ್ನು ಮೊದಲಿನಿಂದ ಓದುತ್ತದೆ. ಸಮಾಪ್ತಿಖಂಡವಿರುವ ವ್ಯವಹಾರಗಳನ್ನೆಲ್ಲ ಮತ್ತೊಮ್ಮೆ ನಿಜಸ್ಥಾನಕ್ಕೆ ಏರಿಸುತ್ತದೆ. ಸಮಾಪ್ತಿಯಿಲ್ಲದುದನ್ನು ಆಗಲೇ ಇಲ್ಲವೆಂಬಂತೆ ಬಿಟ್ಟುಬಿಡುತ್ತದೆ. ಪುಷ್ಪಿಕೆಯಿರುವ ಪ್ರತಿಯನ್ನು ಮುಗಿದ ಪ್ರತಿಯೆಂದೂ, ಇಲ್ಲದಿದ್ದುದನ್ನು ತ್ರುಟಿತವೆಂದೂ ಎಣಿಸುವ ಕ್ರಮಕ್ಕೆ ಇದು ಹೋಲುತ್ತದೆ. ಒಂದು ಭೇದವನ್ನು ಮಾತ್ರ ಗಮನಿಸಬೇಕು: ತ್ರುಟಿತ ಪ್ರತಿಯನ್ನೂ ವಿದ್ವಾಂಸರು ಕಾಪಿಡುತ್ತಾರೆ, ಜರ್ನಲಾದರೋ ಅದನ್ನು ತ್ಯಜಿಸುತ್ತದೆ.

ಮುಂದಿನ ವಿಚಾರಕ್ಕೆ ಅಡಿಪಾಯವಾದ ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳಬೇಕು. ಇಎಕ್ಸ್‌ಟಿ-೪ರಲ್ಲಿ ಜರ್ನಲಿಗೆ ಮೂರು ಕ್ರಮಗಳಿವೆ. ‘ಜರ್ನಲ್’ ಎಂಬ ಕ್ರಮದಲ್ಲಿ ಕಡತದ ಒಡಲೂ ಜರ್ನಲಿನ ಮೂಲಕವೇ ಹೋಗುತ್ತದೆ. ‘ಆರ್ಡರ್ಡ್’ ಎಂಬ ಕ್ರಮದಲ್ಲಿ ಒಡಲನ್ನು ನೇರವಾಗಿ ಸ್ವಸ್ಥಾನದಲ್ಲಿ ಬರೆದ ಬಳಿಕವೇ ಅದರ ವಿವರಗಳ ವ್ಯವಹಾರಕ್ಕೆ ಸಮಾಪ್ತಿಯಾಗುತ್ತದೆ. ‘ರೈಟ್‌ಬ್ಯಾಕ್’ ಎಂಬುದರಲ್ಲಿ ಈ ಕ್ರಮನಿಯಮವೂ ಇಲ್ಲ. ಬೇರೆ ಆಜ್ಞೆಯಿಲ್ಲದಿದ್ದರೆ ನಡೆಯುವುದು ಎರಡನೆಯದು. ಆದ್ದರಿಂದ ಜರ್ನಲು ಸಾಮಾನ್ಯವಾಗಿ ಕಾಯುವುದು ಸೂಚಿಯನ್ನು, ಗ್ರಂಥವನ್ನಲ್ಲ.

೨. ದೋಷಸೂಚನೆಗಳ ಅರ್ಥ

ಜರ್ನಲಿನ ಮೇಲೆ ಬರೆಯಲು ವ್ಯವಸ್ಥೆಗೆ ಅಸಾಧ್ಯವಾದಾಗ, ಅಥವಾ ಬರೆದಿರುವುದರಲ್ಲಿ ಅಸಂಗತಿ ಕಂಡಾಗ, ಕರ್ನೆಲು ಜರ್ನಲನ್ನು ಸ್ಥಗಿತಗೊಳಿಸುತ್ತದೆ. ಆಗ ಸಂದೇಶಗಳ ಸಾಲಿನಲ್ಲಿ ‘ಅಬಾರ್ಟಿಂಗ್ ಜರ್ನಲ್ ಆನ್ ಡಿವೈಸ್ ಎಸ್‌ಡಿಎ೧-೮’ ಎಂಬಂತಹ ವಾಕ್ಯ ಕಾಣಿಸುತ್ತದೆ. ಇದರಲ್ಲಿ ‘ಎಸ್‌ಡಿಎ೧’ ಎಂಬುದು ಮೊದಲನೆಯ ತಟ್ಟೆಯ ಮೊದಲನೆಯ ವಿಭಾಗ. ಕೊನೆಯ ‘೮’ ಎಂಬುದು ದೋಷದ ಸಂಖ್ಯೆಯೆಂದು ಅನೇಕರು ಭ್ರಮಿಸುವುದುಂಟು. ಅದು ಹಾಗಲ್ಲ, ಜರ್ನಲ್ ಎಂಬ ಗೂಢಕಡತದ ಐನೋಡ್ ಸಂಖ್ಯೆ ಅದು. ಈ ವ್ಯವಸ್ಥೆಯಲ್ಲಿ ಜರ್ನಲಿಗೆ ಎಂಟನೆಯ ಐನೋಡ್ ಮೀಸಲು.

ದೋಷದ ಸಂಖ್ಯೆ ಬೇರೆಡೆಯಲ್ಲಿ ಋಣಚಿಹ್ನೆಯೊಡನೆ ಬರುತ್ತದೆ. ‘-೫’ ಎಂದಿದ್ದರೆ ತಟ್ಟೆಯ ಓದುಬರೆಹವೇ ವಿಫಲವಾಯಿತೆಂದು ಅರ್ಥ. ‘-೩೦’ ಎಂದಿದ್ದರೆ ವ್ಯವಸ್ಥೆಯು ಓದಲಿಕ್ಕಷ್ಟೇ ತೆರೆದಿದೆ, ಬರೆಯಲು ಅವಕಾಶವಿಲ್ಲ ಎಂದು ಅರ್ಥ. ‘-೧೧೭’ ಎಂಬುದು ರಚನೆಯನ್ನು ಶುದ್ಧೀಕರಿಸಬೇಕಾಗಿದೆಯೆಂದು ಹೇಳುತ್ತದೆ. ಇವುಗಳಲ್ಲಿ ‘-೩೦’ ಯಾವಾಗಲೂ ಪರಿಣಾಮ, ಕಾರಣವಲ್ಲ. ಒಂದು ‘-೫’ರ ಬೆನ್ನಿಗೆ ನೂರಾರು ‘-೩೦’ಗಳು ಬಂದು ಪರದೆಯನ್ನು ತುಂಬುತ್ತವೆ, ಕೊನೆಯ ಸಾಲುಗಳನ್ನಷ್ಟೇ ಓದಿದವನಿಗೆ ಮೂಲ ಸಿಕ್ಕುವುದಿಲ್ಲ. ಪ್ರತಿಗಳ ವಂಶವೃಕ್ಷವನ್ನು ರಚಿಸುವವರು ಅರ್ವಾಚೀನ ಪ್ರತಿಗಳಿಂದ ಹಿಂದುಹಿಂದಕ್ಕೆ ಸರಿದು ಮಾತೃಕೆಯನ್ನು ಮುಟ್ಟುವಂತೆ, ಇಲ್ಲಿಯೂ ಮೊದಲನೆಯ ದೋಷಸಂದೇಶವನ್ನು ಮುಟ್ಟುವವರೆಗೆ ಹಿಂದಕ್ಕೆ ಓದಬೇಕು.

ಜರ್ನಲು ಸ್ಥಗಿತವಾದ ಮೇಲೆ ಕಾಣುವ ‘ರೀಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ’ ಎಂಬ ವಾಕ್ಯ ಕೆಲಸಗಾರರನ್ನು ಗಾಬರಿಗೊಳಿಸುತ್ತದೆ. ವಾಸ್ತವವಾಗಿ ಅದು ರಕ್ಷಣೋಪಾಯ. ದೋಷ ಕಂಡಾಗ ಏನು ಮಾಡಬೇಕೆಂಬುದಕ್ಕೆ ಮೂರು ವಿಕಲ್ಪಗಳಿವೆ: ಮುಂದುವರಿಯುವುದು, ಓದಲಿಕ್ಕೆ ಮಾತ್ರ ಉಳಿಸಿಕೊಳ್ಳುವುದು, ಯಂತ್ರವನ್ನೇ ನಿಲ್ಲಿಸಿಬಿಡುವುದು. ಎರಡನೆಯದನ್ನು ಆರಿಸಿದ್ದಲ್ಲಿ ತಟ್ಟೆಯ ಮೇಲಿನ ಲಿಖಿತ ಇನ್ನಷ್ಟು ಕೆಡದೆ, ಓದಲು ಲಭ್ಯವಾಗಿ ಉಳಿಯುತ್ತದೆ. ಈ ಸ್ಥಿತಿಯಲ್ಲಿ ಬಲವಂತವಾಗಿ ಮತ್ತೆ ಬರೆಹಕ್ಕೆ ತೆರೆಯುವ ಪ್ರಯತ್ನ ಸರ್ವಥಾ ತ್ಯಾಜ್ಯ.

ಜರ್ನಲು ಸ್ಥಗಿತವಾದಾಗ ಅದರ ಶಿರೋಖಂಡದಲ್ಲಿ ದೋಷಸಂಖ್ಯೆಯನ್ನು ದಾಖಲಿಸಲು ಕರ್ನೆಲು ಯತ್ನಿಸುತ್ತದೆ. ಮುಂದಿನ ಬಾರಿ ವ್ಯವಸ್ಥೆಯನ್ನು ತೆರೆದಾಗ ಹಿಂದಿನ ಬಾರಿಯ ದೋಷ ದಾಖಲಾಗಿದೆ, ಪರೀಕ್ಷೆ ಅಗತ್ಯ ಎಂಬ ಎಚ್ಚರಿಕೆ ಬರುವುದು ಇದರಿಂದಲೇ. ಅಲ್ಲದೆ ಇಎಕ್ಸ್‌ಟಿ-೪ರ ಮಹಾಖಂಡದಲ್ಲಿ, ಎಂದರೆ ‘ಸೂಪರ್‌ಬ್ಲಾಕ್’ನಲ್ಲಿ, ಇದುವರೆಗಿನ ದೋಷಗಳ ಸಂಖ್ಯೆ, ಮೊದಲನೆಯ ದೋಷದ ಕಾಲ, ಕೊನೆಯ ದೋಷದ ಕಾಲ ಇವು ಉಳಿದಿರುತ್ತವೆ. ‘ಡಂಪ್‌ಇ೨ಎಫ್‌ಎಸ್’ ಎಂಬ ಉಪಕರಣದಿಂದ ಅವನ್ನು ಓದಬಹುದು. ಪರೀಕ್ಷೆ ನಡೆಯುವವರೆಗೆ ಕರ್ನೆಲು ದಿನಕ್ಕೊಮ್ಮೆ ಈ ಸಂಖ್ಯೆಯನ್ನು ಸಂದೇಶಗಳಲ್ಲಿ ಹೊರಗೆಡಹುತ್ತಲೇ ಇರುತ್ತದೆ. ಆ ಸಂದೇಶವನ್ನು ಕಂಡಾಗ ದೋಷ ಇಂದು ಸಂಭವಿಸಿತೆಂದು ತಿಳಿಯಬಾರದು. ಅದು ತಿಂಗಳುಗಳ ಹಿಂದಿನದೂ ಆಗಿರಬಹುದು.

೩. ಕಾರಣಗಳ ವಿವೇಚನೆ

ಜರ್ನಲ್ ದೋಷ ಬಹುಮಟ್ಟಿಗೆ ಲಕ್ಷಣ; ವ್ಯಾಧಿ ಬೇರೆಡೆ ಇರುತ್ತದೆ. ತಟ್ಟೆಯ ಮೇಲೆ ಅತ್ಯಂತ ಹೆಚ್ಚಾಗಿ, ಎಡೆಬಿಡದೆ ಬರೆಯಲ್ಪಡುವ ಪ್ರದೇಶಗಳಲ್ಲಿ ಜರ್ನಲು ಒಂದಾದ್ದರಿಂದ, ಕೆಳಗಿನ ಯಾವ ಪದರದಲ್ಲಿ ತೊಂದರೆಯಾದರೂ ಮೊದಲು ಅದು ಅಲ್ಲಿ ಪ್ರಕಟವಾಗುತ್ತದೆ. ಕಾರಣಗಳನ್ನು ಹೀಗೆ ವರ್ಗೀಕರಿಸಬಹುದು.

ಮೊದಲನೆಯದು ತಟ್ಟೆಯ ಜೀರ್ಣತೆ. ಜರ್ನಲ್ ಸಂದೇಶಕ್ಕೆ ಮುಂಚೆ ‘ಐ-ಓ ಎರರ್’ ಎಂಬ ಸಂದೇಶ ಒಂದು ನಿರ್ದಿಷ್ಟ ಸೆಕ್ಟರಿನ ಸಂಖ್ಯೆಯೊಡನೆ ಬಂದಿದ್ದು, ಮತ್ತೆ ಮತ್ತೆ ಅದೇ ಅಥವಾ ಅದರ ಸಮೀಪದ ಸಂಖ್ಯೆ ಕಾಣಿಸಿದರೆ ತಟ್ಟೆಯೇ ಕಾರಣವೆಂದು ಊಹಿಸಬಹುದು. ತಟ್ಟೆಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಂಡಿರುತ್ತವೆ. ‘ಸ್ಮಾರ್ಟ್‌ಸಿಟಿಎಲ್’ ಎಂಬ ಉಪಕರಣ ಅದನ್ನು ಓದಿ ತೋರಿಸುತ್ತದೆ. ಅದರಲ್ಲಿ ೫ನೆಯ ಬಾಬು ಕೆಟ್ಟು ಬದಲಿಯಾದ ಸೆಕ್ಟರುಗಳ ಸಂಖ್ಯೆಯನ್ನೂ, ೧೯೭ನೆಯದು ಓದಲಾಗದೆ ಬಾಕಿಯುಳಿದವುಗಳನ್ನೂ, ೧೯೮ನೆಯದು ಸರಿಪಡಿಸಲಾಗದವುಗಳನ್ನೂ ಹೇಳುತ್ತವೆ. ಇವು ಏರುತ್ತ ಹೋದರೆ ತಟ್ಟೆಯ ಆಯುಸ್ಸು ಮುಗಿಯುತ್ತ ಬಂದಿದೆಯೆಂದು ತಿಳಿಯಬೇಕು.

ಎರಡನೆಯದು ಮಾರ್ಗದ ದೋಷ. ತಟ್ಟೆ ಸುಸ್ಥಿತಿಯಲ್ಲಿದ್ದರೂ ತಂತಿ, ನಿಯಂತ್ರಕ, ದೂರದ ಸಂಗ್ರಹಕ್ಕೆ ಹೋಗುವ ಜಾಲ ಇವುಗಳಲ್ಲಿ ಯಾವುದಾದರೂ ಕೆಟ್ಟಿರಬಹುದು. ಮೇಲೆ ಹೇಳಿದ ಪಟ್ಟಿಯ ೧೯೯ನೆಯ ಬಾಬು ಮಾತ್ರ ಏರುತ್ತಿದ್ದು ಉಳಿದವು ಸ್ಥಿರವಾಗಿದ್ದರೆ ಸಾಮಾನ್ಯವಾಗಿ ತಂತಿಯನ್ನೇ ಶಂಕಿಸಬೇಕು. ಒಂದು ಯಂತ್ರದೊಳಗೆ ಹಲವು ಕಲ್ಪಿತ ಯಂತ್ರಗಳು ನಡೆಯುವ ಏರ್ಪಾಡುಗಳಲ್ಲಿ ಈ ವರ್ಗದ ದೋಷ ಸಾಮಾನ್ಯ. ಲಿನಕ್ಸ್ ಒಂದು ಆಜ್ಞೆಯ ಉತ್ತರಕ್ಕಾಗಿ ಬೇರೆ ವಿಧಿಯಿಲ್ಲದಿದ್ದರೆ ೩೦ ಸೆಕೆಂಡು ಕಾಯುತ್ತದೆ. ಸಂಗ್ರಹದ ಮಾರ್ಗ ಬದಲಾಗುವಾಗ ಅದಕ್ಕಿಂತ ಹೆಚ್ಚು ವಿಳಂಬವಾದರೆ, ಪುನಃಪ್ರಯತ್ನಗಳೂ ವಿಫಲವಾಗಿ ಜರ್ನಲು ಸ್ಥಗಿತಗೊಳ್ಳಬಹುದು. ಇಂತಹ ಕಲ್ಪಿತ ಯಂತ್ರಗಳಲ್ಲಿ ಕಾಯುವ ಅವಧಿಯನ್ನು ೧೮೦ ಸೆಕೆಂಡುಗಳಿಗೆ ಏರಿಸುವ ರೂಢಿ ಇದಕ್ಕಾಗಿಯೇ ಬಂದಿದೆ. ಒಂದೇ ಗಳಿಗೆಯಲ್ಲಿ ಹಲವು ಕಲ್ಪಿತ ಯಂತ್ರಗಳ ಜರ್ನಲುಗಳು ನಿಂತಿದ್ದರೆ ದೋಷ ಅವುಗಳದಲ್ಲ, ಅವೆಲ್ಲಕ್ಕೂ ಸಮಾನವಾದ ಸಂಗ್ರಹದ್ದು ಎಂಬುದು ಸ್ಪಷ್ಟ. ಸಂಗ್ರಹದಲ್ಲಿ ವಾಸ್ತವವಾಗಿರುವ ಜಾಗಕ್ಕಿಂತ ಹೆಚ್ಚಿನದನ್ನು ಹಂಚಿಕೊಟ್ಟಿದ್ದು, ನಿಜವಾದ ಜಾಗ ತೀರಿಹೋದಾಗಲೂ ಬರೆಹ ವಿಫಲವಾಗಿ ಇದೇ ಲಕ್ಷಣ ತೋರುತ್ತದೆ.

ಮೂರನೆಯದು ವಿದ್ಯುತ್ತಿನ ಅಡಚಣೆ ಮತ್ತು ತಟ್ಟೆಯ ಮಿಥ್ಯಾಭರವಸೆ. ತಟ್ಟೆಗಳಲ್ಲಿ ತಾತ್ಕಾಲಿಕ ಸ್ಮೃತಿಯೊಂದಿದ್ದು, ಬರೆಹವು ಅಲ್ಲಿಗೆ ತಲುಪಿದೊಡನೆಯೇ ಬರೆದಾಯಿತೆಂದು ಅವು ವರದಿ ಮಾಡುತ್ತವೆ. ಜರ್ನಲಿನ ಪ್ರಾಮಾಣ್ಯ ನಿಂತಿರುವುದು ಬರೆಹದ ಕ್ರಮದ ಮೇಲೆ: ವ್ಯವಹಾರದ ಖಂಡಗಳು ಮೊದಲು, ಸಮಾಪ್ತಿಖಂಡ ಆಮೇಲೆ. ಈ ಕ್ರಮವನ್ನು ಕಾಯಲು ಇಎಕ್ಸ್‌ಟಿ-೪ ‘ಬ್ಯಾರಿಯರ್’ ಎಂಬ ತಡೆಯಾಜ್ಞೆಯನ್ನು ಸ್ವಭಾವತಃ ಬಳಸುತ್ತದೆ. ವೇಗಕ್ಕಾಗಿ ಅದನ್ನು ತೆಗೆದುಹಾಕಿದಲ್ಲಿ, ಅಥವಾ ನಿಯಂತ್ರಕದ ಬ್ಯಾಟರಿ ಸತ್ತಿದ್ದಲ್ಲಿ, ಗ್ರಂಥ ಮುಗಿಯುವ ಮೊದಲೇ ಪುಷ್ಪಿಕೆಯನ್ನು ಬರೆದಿಟ್ಟ ಪ್ರತಿಯಂತೆ ಜರ್ನಲು ಅವಿಶ್ವಸನೀಯವಾಗುತ್ತದೆ. ಪುನರಾರಂಭದ ಗಳಿಗೆಯಲ್ಲಿ, ಜರ್ನಲನ್ನು ಓದುವಾಗಲೇ ದೋಷ ಕಂಡರೆ ಈ ವರ್ಗವನ್ನು ಪರಿಶೀಲಿಸಬೇಕು.

ನಾಲ್ಕನೆಯದು ಯಂತ್ರದ ಸ್ಮೃತಿಫಲಕಗಳ ವಿಕಾರ. ಇಲ್ಲಿ ತಟ್ಟೆ ತನಗೆ ಕೊಟ್ಟುದನ್ನು ಯಥಾವತ್ತಾಗಿಯೇ ಬರೆದಿರುತ್ತದೆ; ಕೊಟ್ಟುದೇ ಅಶುದ್ಧ. ಓದುಬರೆಹದ ದೋಷಸಂದೇಶ ಒಂದೂ ಇಲ್ಲದೆ, ಪ್ರತಿ ಬಾರಿಯೂ ಬೇರೆ ಬೇರೆ ಸ್ಥಾನದಲ್ಲಿ ಅಸಂಗತಿ ಕಾಣುವುದು ಇದರ ಕುರುಹು.

ಐದನೆಯದು ಒಂದೇ ಕಡತವ್ಯವಸ್ಥೆಯನ್ನು ಎರಡು ಯಂತ್ರಗಳು ಏಕಕಾಲದಲ್ಲಿ ತೆರೆಯುವುದು. ಇಎಕ್ಸ್‌ಟಿ-೪ ಇದಕ್ಕಾಗಿ ರಚಿತವಾದುದಲ್ಲ. ಪರಸ್ಪರ ತಿಳಿಯದ ಇಬ್ಬರು ಲಿಪಿಕಾರರು ಒಂದೇ ಗರಿಯ ಮೇಲೆ ಕಂಠವನ್ನಾಡಿಸಿದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ. ಇದನ್ನು ತಡೆಯಲು ‘ಎಂಎಂಪಿ’ ಎಂಬ ರಕ್ಷಣೆಯಿದ್ದು, ಹಂಚಿಕೊಂಡ ಸಂಗ್ರಹಗಳಲ್ಲಿ ಅದನ್ನು ಜಾರಿಯಲ್ಲಿಡುವುದು ಶ್ರೇಯಸ್ಕರ.

ಆರನೆಯದು ಕರ್ನೆಲಿನ ಸ್ವಂತ ದೋಷ. ಇದು ವಿರಳ. ಉಳಿದ ಐದನ್ನೂ ಪರಿಶೀಲಿಸದೆ ಇದನ್ನು ಆಶ್ರಯಿಸುವುದು ಯುಕ್ತವಲ್ಲ.

೪. ಪರಿಹಾರಕ್ರಮ

ಗ್ರಂಥಸಂಪಾದನೆಯ ಮೊದಲ ನಿಯಮವೆಂದರೆ, ತಿದ್ದುವ ಮುನ್ನ ಇದ್ದುದನ್ನು ಇದ್ದಂತೆ ದಾಖಲಿಸುವುದು. ಜರ್ನಲ್ ದೋಷದ ಚಿಕಿತ್ಸೆಗೂ ಇದೇ ನಿಯಮ ಅನ್ವಯಿಸುತ್ತದೆ. ಬಹುತೇಕ ಹಾನಿ ಸಂಭವಿಸುವುದು ಮೂಲದೋಷದಿಂದಲ್ಲ, ಈ ಕ್ರಮವನ್ನು ತಲೆಕೆಳಗು ಮಾಡುವುದರಿಂದ.

(೧) ಸಂದೇಶಗಳ ಸಂರಕ್ಷಣೆ: ದೋಷ ಕಂಡೊಡನೆ ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಸಾಮಾನ್ಯ ಅಭ್ಯಾಸ. ಇದು ಸರಿಯಲ್ಲ. ಮೂಲವಿಭಾಗವೇ ಬರೆಹಕ್ಕೆ ಮುಚ್ಚಿಹೋಗಿದ್ದಾಗ ಸಂದೇಶಗಳು ತಟ್ಟೆಯ ಮೇಲಿನ ದಾಖಲೆಗೆ ಸೇರಿರುವುದಿಲ್ಲ. ಯಂತ್ರದ ಸ್ಮೃತಿಯಲ್ಲಿ ಮಾತ್ರ ಇರುತ್ತವೆ. ಯಂತ್ರ ನಿಂತೊಡನೆ ಅವು ನಾಶವಾಗುತ್ತವೆ, ಅವುಗಳೊಡನೆ ನಿದಾನಕ್ಕೆ ಇದ್ದ ಏಕಮಾತ್ರ ಸಾಕ್ಷ್ಯವೂ ಹೋಗುತ್ತದೆ. ‘ಡಿಮೆಸ್ಗ್’ ಎಂಬ ಆಜ್ಞೆಯಿಂದ ಬರುವ ಸಂದೇಶಗಳೆಲ್ಲವನ್ನೂ ಜಾಲದ ಮೂಲಕ ಬೇರೊಂದು ಯಂತ್ರಕ್ಕೆ ಕಳುಹಿಸಿ ಇಟ್ಟುಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ ಪರದೆಯ ಛಾಯಾಚಿತ್ರವನ್ನಾದರೂ ತೆಗೆಯಬೇಕು.

(೨) ಸೇವೆಗಳ ನಿಲುಗಡೆ: ಆ ವಿಭಾಗವನ್ನು ಬಳಸುವ ದತ್ತಸಂಚಯ ಮುಂತಾದ ಸೇವೆಗಳನ್ನು ನಿಲ್ಲಿಸಬೇಕು. ಅವು ಬರೆದೆವೆಂದು ಭಾವಿಸಿದ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದಷ್ಟು ಅವಧಿಯ ಕೆಲಸ ತಟ್ಟೆಗೆ ತಲುಪದೆ ಇರುವ ಸಂಭವವುಂಟು. ಯಾವ ಯಾವ ಕಡತಗಳ ಮೇಲೆ ಆಗ ಕೆಲಸ ನಡೆದಿತ್ತೆಂಬುದನ್ನು ಕೆಲಸಗಾರರಿಂದ ಆಗಲೇ ಕೇಳಿ ಬರೆದಿಡುವುದು ಮುಂದೆ ಉಪಯೋಗಕ್ಕೆ ಬರುತ್ತದೆ.

(೩) ಪ್ರತಿಯ ಸಿದ್ಧತೆ: ತಟ್ಟೆ ಜೀರ್ಣವಾಗಿದೆಯೆಂದು ಶಂಕೆಯಿದ್ದರೆ ಅದರ ಮೇಲೆ ಯಾವ ದುರಸ್ತಿಯನ್ನೂ ನಡೆಸಬಾರದು. ‘ಡಿಡಿ-ರೆಸ್ಕ್ಯೂ’ ಎಂಬ ಉಪಕರಣದಿಂದ ಇಡೀ ವಿಭಾಗವನ್ನು ಬೇರೊಂದು ತಟ್ಟೆಗೆ ನಕಲು ಮಾಡಿಕೊಳ್ಳಬೇಕು. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕ್ಲಿಷ್ಟಭಾಗಗಳನ್ನು ಕೊನೆಗೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂದಿತೆಂಬುದನ್ನು ಒಂದು ನಕ್ಷೆಯಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ನಿಂತರೂ ಮುಂದುವರಿಸಬಹುದು. ಸುಸ್ಥಿತಿಯ ತಟ್ಟೆಯಾದರೂ ದುರಸ್ತಿಗೆ ಮುಂಚೆ ಕಡತಗಳ ಪ್ರತಿಯೊಂದು ಬೇರೆಡೆ ಇರುವುದು ಅವಶ್ಯ.

ಇಲ್ಲಿ ಸೂಕ್ಷ್ಮವಾದ ಒಂದು ವಿಷಯವಿದೆ. ವಿಭಾಗವನ್ನು ಓದಲಿಕ್ಕೆ ಮಾತ್ರ ತೆರೆದರೆ ಅದರ ಮೇಲೆ ಏನೂ ಬರೆಯಲ್ಪಡುವುದಿಲ್ಲವೆಂಬುದು ಸಾಮಾನ್ಯ ನಂಬಿಕೆ. ಇಎಕ್ಸ್‌ಟಿ-೪ರಲ್ಲಿ ಇದು ಪೂರ್ಣಸತ್ಯವಲ್ಲ. ಜರ್ನಲಿನಲ್ಲಿ ಬಾಕಿಯಿರುವ ವ್ಯವಹಾರಗಳಿದ್ದರೆ, ಓದಲಿಕ್ಕೆ ಮಾತ್ರ ತೆರೆದಾಗಲೂ ಅವು ಸ್ವಸ್ಥಾನಕ್ಕೆ ಏರಿಸಲ್ಪಡುತ್ತವೆ. ಏನೂ ಬದಲಾಗದಂತೆ ನೋಡಬೇಕಿದ್ದಲ್ಲಿ ‘ನೋಲೋಡ್’ ಎಂಬ ವಿಕಲ್ಪವನ್ನೂ ಸೇರಿಸಿ ತೆರೆಯಬೇಕು.

(೪) ಕಾರಣದ ನಿವಾರಣೆ: ತಟ್ಟೆ, ತಂತಿ, ಸ್ಮೃತಿಫಲಕ, ಸಂಗ್ರಹ ಇವುಗಳಲ್ಲಿ ಯಾವುದು ಕಾರಣವೋ ಅದನ್ನು ಸರಿಪಡಿಸಿದ ಬಳಿಕವೇ ಕಡತವ್ಯವಸ್ಥೆಯ ಪರೀಕ್ಷೆಗೆ ತೊಡಗಬೇಕು. ವಿಕಾರಗೊಂಡ ಸ್ಮೃತಿಫಲಕದ ಯಂತ್ರದಲ್ಲಿ ನಡೆಸಿದ ದುರಸ್ತಿ ಹೊಸ ದೋಷಗಳನ್ನು ಸೇರಿಸುತ್ತದೆ.

(೫) ಪರೀಕ್ಷೆ ಮತ್ತು ದುರಸ್ತಿ: ಇದಕ್ಕೆ ಬಳಸುವ ಉಪಕರಣ ‘ಇ೨ಎಫ್‌ಎಸ್‌ಸಿಕೆ’. ವಿಭಾಗವನ್ನು ಮುಚ್ಚಿದ ಮೇಲೆಯೇ ಇದನ್ನು ನಡೆಸಬೇಕು. ಮೂಲವಿಭಾಗವಾದರೆ ಬೇರೊಂದು ಮಾಧ್ಯಮದಿಂದ ಯಂತ್ರವನ್ನು ಚಾಲೂ ಮಾಡಿ ನಡೆಸಬೇಕು. ತೆರೆದಿರುವ ವಿಭಾಗದ ಮೇಲೆ ದುರಸ್ತಿ ನಡೆಸಿದರೆ ಸರ್ವನಾಶವಾದೀತು. ಈ ಉಪಕರಣ ಐದು ಆವೃತ್ತಿಗಳಲ್ಲಿ ಕೆಲಸ ಮಾಡುತ್ತದೆ: ಮೊದಲು ಐನೋಡುಗಳು ಮತ್ತು ಖಂಡಗಳು, ಬಳಿಕ ಕೋಶಗಳ ರಚನೆ, ಬಳಿಕ ಕೋಶಗಳ ಪರಸ್ಪರ ಸಂಬಂಧ, ಬಳಿಕ ಕಡತಗಳ ಉಲ್ಲೇಖಸಂಖ್ಯೆ, ಕೊನೆಗೆ ಒಟ್ಟು ಲೆಕ್ಕದ ತಾಳೆ.

‘-ಎನ್’ ಎಂಬ ವಿಕಲ್ಪದಿಂದ ನಡೆಸಿದರೆ ಅದು ಏನನ್ನೂ ತಿದ್ದದೆ ವರದಿಯನ್ನಷ್ಟೇ ಕೊಡುತ್ತದೆ. ಆದರೆ ಆಗ ಜರ್ನಲನ್ನೂ ಏರಿಸುವುದಿಲ್ಲವಾದ್ದರಿಂದ, ಏರಿಸಿದೊಡನೆ ಮಾಯವಾಗುವಂತಹ ದೋಷಗಳೂ ವರದಿಯಲ್ಲಿ ಸೇರಿರುತ್ತವೆ. ವರದಿಯ ಗಾತ್ರವನ್ನು ಕಂಡು ಎದೆಗುಂದಬೇಕಾದುದಿಲ್ಲ. ಅನಂತರ ‘-ಎಫ್’ ವಿಕಲ್ಪದಿಂದ ಪೂರ್ಣಪರೀಕ್ಷೆ ನಡೆಸಿದಾಗ ಉಪಕರಣವು ಮೊದಲು ಜರ್ನಲನ್ನು ಏರಿಸಿ, ಪ್ರತಿಯೊಂದು ತಿದ್ದುಪಡಿಗೂ ಅನುಮತಿ ಕೇಳುತ್ತದೆ. ‘-ವೈ’ ಎಂದು ಕೊಟ್ಟರೆ ಎಲ್ಲಕ್ಕೂ ಒಪ್ಪಿಗೆ ಕೊಟ್ಟಂತೆ. ಸಹಸ್ರಾರು ಪ್ರಶ್ನೆಗಳಿಗೆ ಕೈಯಿಂದ ಉತ್ತರಿಸುವುದು ಅಸಾಧ್ಯವಾದಾಗ ಅದು ಅನಿವಾರ್ಯ. ಆದರೆ ನಕಲಿಲ್ಲದ ತಟ್ಟೆಯ ಮೇಲೆ ಮೊದಲ ಹೆಜ್ಜೆಯಾಗಿ ಅದನ್ನು ಇಡಬಾರದು. ‘-ಝಡ್’ ಎಂಬ ಇನ್ನೊಂದು ವಿಕಲ್ಪವಿದ್ದು, ಅದು ತಿದ್ದಲ್ಪಟ್ಟ ಪ್ರತಿ ಖಂಡದ ಪೂರ್ವರೂಪವನ್ನು ಬೇರೊಂದು ಕಡತದಲ್ಲಿ ಉಳಿಸುತ್ತದೆ. ತಿದ್ದುಪಡಿ ಅನಿಷ್ಟವೆಂದು ಕಂಡರೆ ‘ಇ೨ಅನ್‌ಡೂ’ ಎಂಬುದರಿಂದ ಹಿಂದಿನ ಸ್ಥಿತಿಗೆ ಮರಳಬಹುದು. ಸ್ವೀಕೃತ ಪಾಠದ ಕೆಳಗೆ ತ್ಯಕ್ತ ಪಾಠವನ್ನೂ ಕೊಡುವ ಸಂಪಾದಕರಿಗೆ ಈ ವಿಕಲ್ಪದ ಮಹತ್ತ್ವವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಮಹಾಖಂಡವೇ ಓದಲಾರದಷ್ಟು ಕೆಟ್ಟಿದ್ದರೂ ನಿರಾಶೆಗೆ ಕಾರಣವಿಲ್ಲ. ಅದರ ಪ್ರತಿಗಳು ವಿಭಾಗದ ಹಲವೆಡೆ ಹರಡಿರುತ್ತವೆ. ಖಂಡದ ಗಾತ್ರ ೪೦೯೬ ಬೈಟುಗಳಿದ್ದಾಗ ಮೊದಲನೆಯ ಪ್ರತಿ ಸಾಮಾನ್ಯವಾಗಿ ೩೨೭೬೮ನೆಯ ಖಂಡದಲ್ಲಿಯೂ, ಮುಂದಿನದು ೯೮೩೦೪ನೆಯದರಲ್ಲಿಯೂ ಸಿಕ್ಕುತ್ತದೆ. ‘-ಬಿ’ ವಿಕಲ್ಪದೊಡನೆ ಆ ಸಂಖ್ಯೆಯನ್ನು ಕೊಟ್ಟು ಪರೀಕ್ಷೆಯನ್ನು ನಡೆಸಬಹುದು.

ಜರ್ನಲೇ ಕೆಟ್ಟು ಏರಿಸಲು ಬಾರದಂತಾದಾಗ ಮಾತ್ರ ಅದನ್ನು ತೆಗೆದುಹಾಕುವ ಪ್ರಶ್ನೆ ಬರುತ್ತದೆ. ‘ಟ್ಯೂನ್೨ಎಫ್‌ಎಸ್’ ಎಂಬ ಉಪಕರಣದಿಂದ ಜರ್ನಲ್ ಎಂಬ ಲಕ್ಷಣವನ್ನು ಕಳೆದು, ಪೂರ್ಣಪರೀಕ್ಷೆ ನಡೆಸಿ, ಮತ್ತೆ ‘-ಜೆ’ ವಿಕಲ್ಪದಿಂದ ಹೊಸ ಜರ್ನಲನ್ನು ಸೃಷ್ಟಿಸುವುದು ಇದರ ಕ್ರಮ. ಏರಿಸದೆ ಉಳಿದ ವ್ಯವಹಾರಗಳಿದ್ದಾಗ ಉಪಕರಣ ಇದಕ್ಕೆ ಸಮ್ಮತಿಸುವುದಿಲ್ಲ. ಬಲವಂತ ಮಾಡಿದರೆ ಸಮ್ಮತಿಸುತ್ತದೆ. ಬಲವಂತ ಮಾಡಿದಲ್ಲಿ ಆ ವ್ಯವಹಾರಗಳು ಶಾಶ್ವತವಾಗಿ ನಷ್ಟವಾಗುವುದಲ್ಲದೆ, ಅರ್ಧ ಏರಿಸಿದ ಸ್ಥಿತಿಯೇ ಸ್ಥಿರವಾಗಿ ನಿಲ್ಲುತ್ತದೆ. ‘ಎಕ್ಸ್‌ಎಫ್‌ಎಸ್’ ಎಂಬ ಬೇರೊಂದು ಕಡತವ್ಯವಸ್ಥೆಯ ದುರಸ್ತಿಯಲ್ಲಿ ‘-ಎಲ್’ ಎಂಬ ವಿಕಲ್ಪಕ್ಕೂ ಇದೇ ಪರಿಣಾಮವಿದೆ. ಕ್ಷಿಪ್ರೋಪಾಯವೆಂದು ಇದನ್ನು ಬೋಧಿಸುವವರುಂಟು. ಆದರೆ ಇದು ದಿನವಹಿಯನ್ನು ಸುಟ್ಟು ಲೆಕ್ಕ ಚುಕ್ತಾ ಆಯಿತೆಂದು ಹೇಳಿದಂತೆ.

(೬) ಫಲದ ಪರಿಶೀಲನೆ: ಪರೀಕ್ಷೆ ಮುಗಿದಾಗ ಉಪಕರಣ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ೦ ಎಂದರೆ ನಿರ್ದೋಷ; ೧ ಎಂದರೆ ದೋಷವಿದ್ದು ತಿದ್ದಲಾಯಿತು; ೨ ಎಂದರೆ ತಿದ್ದಲಾಯಿತು, ಯಂತ್ರವನ್ನು ಪುನಃ ಚಾಲೂ ಮಾಡಬೇಕು; ೪ ಎಂದರೆ ದೋಷ ತಿದ್ದದೆ ಉಳಿದಿದೆ; ೮ ಎಂದರೆ ಪರೀಕ್ಷೆಯೇ ಸರಿಯಾಗಿ ನಡೆಯಲಿಲ್ಲ. ೦ ಬರುವವರೆಗೆ ಪರೀಕ್ಷೆಯನ್ನು ಪುನರಾವರ್ತಿಸಬೇಕು. ಒಮ್ಮೆ ೦ ಬಂದು, ಕೆಲವು ದಿನಗಳಲ್ಲಿ ಮತ್ತೆ ದೋಷ ಕಂಡರೆ ನಾಲ್ಕನೆಯ ಹೆಜ್ಜೆಯಲ್ಲಿ ಕಾರಣ ಸಿಕ್ಕಿಲ್ಲವೆಂದು ತಿಳಿಯಬೇಕು.

೫. ಸುಸಂಗತಿಯೂ ಶುದ್ಧಪಾಠವೂ

ಪರೀಕ್ಷೆಯು ನಿರ್ದೋಷವೆಂದು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಿತೆಂಬುದು ಅತ್ಯಂತ ವ್ಯಾಪಕವಾದ ತಪ್ಪು ತಿಳಿವಳಿಕೆ. ಉಪಕರಣವು ಸಾಧಿಸುವುದು ಸುಸಂಗತಿಯನ್ನು; ಪ್ರತಿ ಖಂಡಕ್ಕೂ ಒಬ್ಬನೇ ಒಡೆಯ, ಪ್ರತಿ ಹೆಸರಿಗೂ ಒಂದು ಐನೋಡ್, ಲೆಕ್ಕಕ್ಕೆ ತಾಳೆ. ಕಡತದ ಒಡಲಿನಲ್ಲಿ ಏನಿದೆಯೆಂದು ಅದು ನೋಡುವುದೇ ಇಲ್ಲ. ತ್ರುಟಿತವಾದ ಪದ್ಯವೊಂದನ್ನು ಛಂದಸ್ಸಿಗೆ ಸರಿಹೊಂದುವಂತೆ ತುಂಬಿದರೆ ಗಣಗಳು ಸರಿಯಾಗುತ್ತವೆ, ಪ್ರಾಸವೂ ಕೂಡಿಬರುತ್ತದೆ. ಆದರೆ ಅದು ಕವಿಯ ಪಾಠವೆಂದು ಹೇಳಲಾಗದು. ದುರಸ್ತಿಗೊಂಡ ಕಡತವ್ಯವಸ್ಥೆಯೂ ಅಂತಹುದೇ. ಅದರ ಛಂದಸ್ಸು ಶುದ್ಧ; ಪಾಠದ ಶುದ್ಧಿಯನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಹೆಸರು ಕಳೆದುಕೊಂಡ ಕಡತಗಳನ್ನು ಉಪಕರಣವು ‘ಲಾಸ್ಟ್+ಫೌಂಡ್’ ಎಂಬ ಕೋಶದಲ್ಲಿ ಐನೋಡ್ ಸಂಖ್ಯೆಯನ್ನೇ ಹೆಸರಾಗಿಸಿ ಇಡುತ್ತದೆ. ಆದ್ಯಂತಗಳಿಲ್ಲದ ಬಿಡಿಗರಿಗಳ ಕಟ್ಟಿಗೆ ಇದನ್ನು ಹೋಲಿಸಬಹುದು. ‘ಫೈಲ್’ ಎಂಬ ಆಜ್ಞೆಯಿಂದ ಅವು ಚಿತ್ರಗಳೋ ಲಿಖಿತಗಳೋ ಎಂಬುದು ತಿಳಿಯುತ್ತದೆ. ಯಾವ ಗ್ರಂಥದ ಯಾವ ಗರಿಯೆಂಬುದನ್ನು ಸೂಚೀಪಟ್ಟಿಯೊಡನೆ ತಾಳೆ ನೋಡಿ ಮನುಷ್ಯನೇ ನಿರ್ಣಯಿಸಬೇಕು. ಈ ಕೋಶವನ್ನು ಕಸವೆಂದು ತಿಳಿದು ಅಳಿಸಿಹಾಕುವುದು ಅಕ್ಷಮ್ಯ.

ಜರ್ನಲು ಸುಮ್ಮನಿದ್ದರೂ ಪಾಠ ಕೆಡುವುದುಂಟೆಂಬುದಕ್ಕೆ ೨೦೨೩ರ ಘಟನೆ ನಿದರ್ಶನ. ಆ ವರ್ಷದ ಡಿಸೆಂಬರಿನಲ್ಲಿ ೬.೧.೬೪ನೆಯ ಲಿನಕ್ಸ್ ಕರ್ನೆಲಿನಲ್ಲಿ ಇಎಕ್ಸ್‌ಟಿ-೪ ವ್ಯವಸ್ಥೆಯ ಕಡತಗಳು ಕೆಡಲು ಅವಕಾಶವಿರುವ ಲೋಪ ಪತ್ತೆಯಾಯಿತು. ಇದರಿಂದ ಡೆಬಿಯನ್ ಸಮುದಾಯವು ೧೨.೩ನೆಯ ಆವೃತ್ತಿಯ ಬಿಡುಗಡೆಯನ್ನು ತಡೆಹಿಡಿದು, ಅದರ ಬದಲಿಗೆ ತಿದ್ದಿದ ಕರ್ನೆಲಿನೊಡನೆ ೧೨.೪ನೆಯದನ್ನು ಹೊರತಂದಿತು. ಲೋಪವಿದ್ದುದು ಕಡತದ ಒಡಲನ್ನು ಬರೆಯುವ ಒಂದು ಮಾರ್ಗದಲ್ಲಿ. ಜರ್ನಲಿನ ಕಾವಲು ಅಲ್ಲಿಗೆ ಮುಟ್ಟುವಂತಹುದಲ್ಲ.

ಹಾಗಿದ್ದಲ್ಲಿ ಪಾಠಶುದ್ಧಿಯನ್ನು ಪರಿಶೀಲಿಸುವ ಬಗೆ ಹೇಗೆ? ಇದಕ್ಕೆ ಉತ್ತರ ಹಸ್ತಪ್ರತಿಪರಂಪರೆಯಲ್ಲಿಯೇ ಬೀಜರೂಪದಲ್ಲಿದೆ. ಲಿಪಿಕಾರರು ಗ್ರಂಥದ ಕೊನೆಯಲ್ಲಿ ೩೨ ಅಕ್ಷರಗಳನ್ನು ಒಂದು ಮಾನವಾಗಿಟ್ಟುಕೊಂಡು ಎಣಿಸಿ, ‘ಗ್ರಂಥಾಗ್ರ’ ಇಷ್ಟು ಎಂದು ಬರೆಯುತ್ತಿದ್ದರು. ಮುಂದಿನವರು ಎಣಿಸಿ ನೋಡಿ ಗ್ರಂಥದಲ್ಲಿ ಲೋಪವಾಗಿದೆಯೇ ಪ್ರಕ್ಷೇಪವಾಗಿದೆಯೇ ಎಂದು ಊಹಿಸಬಹುದಾಗಿತ್ತು. ಗಣಕದಲ್ಲಿ ಇದರ ಸ್ಥಾನವನ್ನು ಪಡೆದಿರುವುದು ‘ಚೆಕ್‌ಸಮ್’ ಎಂಬ ಪರೀಕ್ಷಾಸಂಖ್ಯೆ. ‘ಎಸ್‌ಎಚ್‌ಎ-೨೫೬’ ಎಂಬ ವಿಧಾನದಿಂದ ಯಾವುದೇ ಗಾತ್ರದ ಕಡತಕ್ಕೂ ೬೪ ಚಿಹ್ನೆಗಳ ಒಂದು ಮುದ್ರೆ ದೊರೆಯುತ್ತದೆ. ಗ್ರಂಥಾಗ್ರವು ಪರಿಮಾಣದ ವ್ಯತ್ಯಾಸವನ್ನು ಮಾತ್ರ ಹಿಡಿಯಬಲ್ಲದು. 'ತ'ಕಾರ ಹೋಗಿ 'ದ'ಕಾರ ಬಂದರೆ ಎಣಿಕೆ ಬದಲಾಗುವುದಿಲ್ಲ. ಈ ಮುದ್ರೆಯಾದರೋ ಒಂದೇ ಒಂದು ಬಿಂದು ವ್ಯತ್ಯಸ್ತವಾದರೂ ಬೇರೆಯಾಗಿಬಿಡುತ್ತದೆ. ಛಾಯಾಪ್ರತಿಯನ್ನು ತೆಗೆದ ದಿನವೇ ಈ ಮುದ್ರೆಗಳನ್ನು ಪಟ್ಟಿ ಮಾಡಿ, ಪಟ್ಟಿಯನ್ನು ಬೇರೊಂದು ಯಂತ್ರದಲ್ಲಿಯೂ ಮುದ್ರಿತ ರೂಪದಲ್ಲಿಯೂ ಇಟ್ಟಿದ್ದರೆ, ದುರಸ್ತಿಯಾದ ಮೇಲೆ ಯಾವ ಕಡತ ಉಳಿದಿದೆ, ಯಾವುದು ಕೆಟ್ಟಿದೆ ಎಂಬುದನ್ನು ನಿಸ್ಸಂಶಯವಾಗಿ ಹೇಳಬಹುದು. ಕೆಟ್ಟವುಗಳನ್ನು ದೂರದ ಪ್ರತಿಯಿಂದ ಮರಳಿ ಪಡೆಯಬಹುದು. ಆ ಪಟ್ಟಿಯಿಲ್ಲದಿದ್ದಲ್ಲಿ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದರೂ ಸಂಶಯ ಪರಿಹಾರವಾಗದು.

ಜರ್ನಲ್ ದೋಷದ ವಿಚಾರದಲ್ಲಿ ಇಷ್ಟನ್ನು ಸಿದ್ಧಾಂತವಾಗಿ ಹೇಳಬಹುದು. ಬರೆಹಕ್ಕೆ ಮುಚ್ಚಿಕೊಂಡ ಕಡತವ್ಯವಸ್ಥೆ ತನ್ನನ್ನು ತಾನು ಕಾಯ್ದುಕೊಂಡಿದೆ. ಅದನ್ನು ಅವಸರದಿಂದ ಕೆಡಿಸಬಾರದು. ಸಂದೇಶ, ನಕಲು, ಕಾರಣ, ದುರಸ್ತಿ, ಪಾಠಪರಿಶೀಲನೆ ಎಂಬ ಕ್ರಮ ವ್ಯತ್ಯಯವಾಗಕೂಡದು. ಒಂದು ಗ್ರಂಥದ ಓಲೆಗರಿಗಳೇ ಜೀರ್ಣವಾಗಿ ಹೋಗಿ ಛಾಯಾಪ್ರತಿಯಷ್ಟೇ ಉಳಿದಿರುವಾಗ, ಸರ್ವರ್‌ನ ಮುಂದೆ ಕುಳಿತವನ ಒಂದು ಆಜ್ಞೆ ಆ ಗ್ರಂಥದ ಕೊನೆಯ ಲಿಪಿಕಾರನ ಕೈಬರಹದಷ್ಟೇ ನಿರ್ಣಾಯಕವಾಗುತ್ತದೆ. ಮಾತೃಕೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಲಿಪಿಕಾರನು ತಿದ್ದುವುದಕ್ಕೆ ಕೈ ಹಚ್ಚಬಾರದೆಂಬುದನ್ನು ಸರ್ವರ್‌ನ ಪಾಲಕರೂ ನೆನಪಿನಲ್ಲಿಡುವುದು ಉಚಿತ.